ಹೊಸದುರ್ಗ ಬೇಡವೆಂದ ಮುಖ್ಯಮಂತ್ರಿ

ಚುನಾವಣೆಯಲ್ಲಿ ಪಕ್ಷ ಗೆದ್ದು ಅದರ ನಾಯಕನೇ ಸೋತರೆ ಸಂಪುಟ ಕಟ್ಟುವವರು ಯಾರು? 1962ರಲ್ಲಿ ಈ ಪ್ರಶ್ನೆ ಮೈಸೂರು ರಾಜ್ಯದ ಎದುರು ನಿಂತಿತ್ತು. ಅದನ್ನು ತಂದು ನಿಲ್ಲಿಸಿದವರು ನಮ್ಮ ಹೊಸದುರ್ಗದ ಮತದಾರರು.

ಎಸ್. ನಿಜಲಿಂಗಪ್ಪ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ಬೆಳೆದವರು. ಏಕೀಕರಣದ ಮುಂಚೂಣಿಯಲ್ಲಿದ್ದವರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1957ರಲ್ಲಿ ಇದೇ ಜಿಲ್ಲೆಯ ಮೊಳಕಾಲ್ಮೂರಿನಿಂದ ಗೆದ್ದರೂ ಪಕ್ಷದ ಒಳಜಗಳದಿಂದಾಗಿ 1958ರಲ್ಲಿ ಬಿ.ಡಿ. ಜತ್ತಿಯವರಿಗೆ ಅಧಿಕಾರ ಬಿಟ್ಟುಕೊಡಬೇಕಾಯಿತು. 1962ರ ಚುನಾವಣೆ ಅವರು ಮರಳಿ ಬರುವ ದಾರಿಯಾಗಿತ್ತು. 208 ಸ್ಥಾನಗಳಲ್ಲಿ ಕಾಂಗ್ರೆಸ್ 138 ಗೆದ್ದಿತು. ಆದರೆ ಹೊಸದುರ್ಗದಲ್ಲಿ ನಿಜಲಿಂಗಪ್ಪನವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು.

ಸಂವಿಧಾನ ಬಾಗಿಲು ಮುಚ್ಚಿರಲಿಲ್ಲ. 164ನೇ ವಿಧಿಯ ಪ್ರಕಾರ ಶಾಸಕರಲ್ಲದವರೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಆಯ್ಕೆಯಾಗಿ ಬಂದರೆ ಸಾಕು. 1952ರಲ್ಲಿ ಮುಂಬಯಿ ಪ್ರಾಂತದಲ್ಲಿ ಮೊರಾರ್ಜಿ ದೇಸಾಯಿ ಸೋತ ಮೇಲೂ ಮುಖ್ಯಮಂತ್ರಿಯಾಗಿದ್ದರು. ಇಲ್ಲಿ ಹಾಗಾಗಲಿಲ್ಲ. ಅದುವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದ ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳ ಸ್ಥಾನ ತೆರವು ಮಾಡಿಕೊಟ್ಟರು. ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದ ನಿಜಲಿಂಗಪ್ಪ ಜೂನ್ 21ರಂದು ಸಂಪುಟ ರಚಿಸಿದರು. ಅಧಿಕಾರ ಬಿಟ್ಟುಕೊಟ್ಟ ಕಂಠಿಯವರು ಅದೇ ಸಂಪುಟದಲ್ಲಿ ಮಂತ್ರಿಯಾದರು.

ಈ ಕಥೆಯನ್ನು ಹೇಳುವಾಗ ಕಂಠಿಯವರನ್ನು ಪಾದುಕೆ ಕಾಯ್ದ ಭರತನಿಗೆ ಹೋಲಿಸುವುದುಂಟು. ಹೋಲಿಕೆ ಚೆಂದ, ಆದರೆ ಒಪ್ಪಲು ಕಷ್ಟ. ಸಂವಿಧಾನದಲ್ಲಿ ಪಾದುಕೆ ಕಾಯುವ ಹುದ್ದೆಯಿಲ್ಲ. ಆ ಮೂರು ತಿಂಗಳು ಕಂಠಿಯವರು ಪೂರ್ಣ ಮುಖ್ಯಮಂತ್ರಿಯೇ ಆಗಿದ್ದರು, ಅವರ ಸಂಪುಟವೂ ಸದನಕ್ಕೆ ಪೂರ್ತಿ ಹೊಣೆಯಾಗಿತ್ತು. ರಾಮಾಯಣದ ಹೋಲಿಕೆ ಇನ್ನೊಂದು ಸಂಗತಿಯನ್ನೂ ಮರೆಸುತ್ತದೆ. ರಾಮನನ್ನು ಕಾಡಿಗೆ ಕಳಿಸಿದವರು ಅಯೋಧ್ಯೆಯ ಪ್ರಜೆಗಳಲ್ಲ. ನಿಜಲಿಂಗಪ್ಪನವರನ್ನು ಮನೆಗೆ ಕಳಿಸಿದವರು ಮಾತ್ರ ಹೊಸದುರ್ಗದ ಪ್ರಜೆಗಳೇ.

ಹಾಗಾದರೆ ಅವರ ತೀರ್ಪಿಗೆ ಬೆಲೆ ಏನು? ಒಂದು ಕ್ಷೇತ್ರದ ಸೋಲು ಇಡೀ ರಾಜ್ಯದ ಆಯ್ಕೆಯನ್ನು ತಡೆಯಬಾರದು, ಮುಖ್ಯಮಂತ್ರಿಯನ್ನು ಆರಿಸುವುದು ಬಹುಮತದ ಶಾಸಕರು ಎನ್ನುವ ವಾದದಲ್ಲಿ ಹುರುಳಿದೆ. ಬಾಗಲಕೋಟೆಯ ಔದಾರ್ಯವೂ ಸಣ್ಣದಲ್ಲ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಊರು, ಆರೇ ವರ್ಷಕ್ಕೆ ಚಿತ್ರದುರ್ಗದವರೊಬ್ಬರನ್ನು ತನ್ನವರೆಂದು ಕರೆಯಿತು. ಜತ್ತಿಯವರ ಜಮಖಂಡಿ, ಕಂಠಿಯವರ ಹುನಗುಂದ, ನಿಜಲಿಂಗಪ್ಪನವರನ್ನು ಗೆಲ್ಲಿಸಿದ ಬಾಗಲಕೋಟೆ ಮೂರೂ ಆಗ ಬಿಜಾಪುರ ಜಿಲ್ಲೆಯವು. ಅಂದರೆ ಒಂದೇ ವರ್ಷದ ಮೂವರು ಮುಖ್ಯಮಂತ್ರಿಗಳೂ ಆ ಜಿಲ್ಲೆಯ ಪ್ರತಿನಿಧಿಗಳು. ಏಕೀಕರಣ ಬರೀ ನಕಾಶೆಯ ಮೇಲೆ ಆದದ್ದಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಆದರೂ ಒಂದು ಮಾತು ನನ್ನನ್ನು ಕೊರೆಯುತ್ತದೆ. ಹೊಸದುರ್ಗದಲ್ಲಿ ಜನ ಸಾಲಿನಲ್ಲಿ ನಿಂತು ಬೇಡವೆಂದರು. ಬಾಗಲಕೋಟೆಯಲ್ಲಿ ಬೇಕೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ಅವಿರೋಧ ಆಯ್ಕೆ ಎಂದರೆ ಮತಪೆಟ್ಟಿಗೆಯನ್ನೇ ಇಡದ ಚುನಾವಣೆ. ಮತ ಹಾಕಿದವರ ಮಾತನ್ನು, ಮತ ಹಾಕುವ ಪ್ರಸಂಗವೇ ಬಾರದವರ ಮೌನ ದಾಟಿಕೊಂಡು ಹೋಯಿತು. ನಿಯಮವೇನೂ ಮುರಿಯಲಿಲ್ಲ, ನಿಜ. ನಿಯಮ ಮುರಿಯದೆಯೂ ಹೀಗಾಗಬಹುದು ಎನ್ನುವುದನ್ನೇ ನಾವು ಗಮನಿಸಬೇಕಾದದ್ದು. ಇಂದಿಗೂ ಸಂಪುಟ ರಚನೆ ಎಂದೊಡನೆ ಯಾವ ಜಿಲ್ಲೆಗೆ ಎಷ್ಟು, ಯಾವ ಜಾತಿಗೆ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ.

ಹೊಸದುರ್ಗದ ತೀರ್ಪು ಪೂರ್ತಿ ವ್ಯರ್ಥವಾಯಿತು ಎಂದೂ ಹೇಳಲಾರೆ. ನಿಜಲಿಂಗಪ್ಪ 1968ರವರೆಗೆ ರಾಜ್ಯವಾಳಿದರು. ಆದರೆ 1967ರಲ್ಲಿ ಅವರು ಗೆದ್ದು ಬಂದದ್ದು ಧಾರವಾಡ ಜಿಲ್ಲೆಯ ಶಿಗ್ಗಾವಿಯಿಂದ, ಹೊಸದುರ್ಗದಿಂದಲ್ಲ.