ವಯಸ್ಕ ಮಿದುಳಿನ ನರಸಂಧಿ ನಮ್ಯತೆಯಲ್ಲಿ ಬಿಡಿಎನ್‌ಎಫ್: ಪ್ರಮಾಣವೋ, ಬಿಡುಗಡೆಯೋ?

ನರಕೋಶಗಳ ಬೆಳವಣಿಗೆ ಅಂಶಗಳು ಭ್ರೂಣಾವಸ್ಥೆಯ ವಿಷಯವೆಂಬ ಭಾವನೆ ಬಹುಕಾಲ ಉಳಿದಿತ್ತು. ರೀಟಾ ಲೆವಿ-ಮೊಂಟಾಲ್ಚಿನಿ ಗುರುತಿಸಿದ ಎನ್‌ಜಿಎಫ್ (ನರ ಬೆಳವಣಿಗೆ ಅಂಶ) ಆಗಲಿ, ಬಾರ್ಡ್, ಎಡ್ಗರ್ ಮತ್ತು ಥೋನೆನ್ 1982ರಲ್ಲಿ ಹಂದಿಯ ಮಿದುಳಿನಿಂದ ಶುದ್ಧೀಕರಿಸಿದ ಬಿಡಿಎನ್‌ಎಫ್ (ಮಿದುಳುಜನ್ಯ ನರಪೋಷಕ ಅಂಶ) ಆಗಲಿ, ಮೊದಲು ಹೆಸರು ಮಾಡಿದ್ದು ನರಕೋಶಗಳು ಸಾಯದಂತೆ ಕಾಯುವ ಗುಣದಿಂದ.

1995ರಲ್ಲಿ ಈ ಚಿತ್ರ ಬದಲಾಯಿತು. ವಯಸ್ಕ ಇಲಿಗಳ ಹಿಪೊಕ್ಯಾಂಪಸ್ ತುಣುಕಿಗೆ ಬಿಡಿಎನ್‌ಎಫ್ ಸೇರಿಸಿದಾಗ ನರಸಂಧಿಗಳ ಸಂವಹನ ಬಲಗೊಂಡು ಗಂಟೆಗಟ್ಟಲೆ ಹಾಗೆಯೇ ಉಳಿದುದನ್ನು ಕಾಂಗ್ ಮತ್ತು ಶೂಮನ್ ತೋರಿಸಿದರು. ಅದೇ ವರ್ಷ ಕೋರ್ಟೆ ಮತ್ತು ಸಂಗಡಿಗರು ಬಿಡಿಎನ್‌ಎಫ್ ವಂಶವಾಹಿಯನ್ನು ಕಳೆದ ಇಲಿಗಳಲ್ಲಿ ದೀರ್ಘಕಾಲಿಕ ಪ್ರಬಲೀಕರಣ ಕುಗ್ಗಿರುವುದನ್ನು ಕಂಡರು. ನನಗೆ ಮುಖ್ಯವೆನಿಸುವುದು ಅವರ ಇನ್ನೊಂದು ಫಲಿತಾಂಶ: ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ಕಳೆದುಕೊಂಡ ಇಲಿಗಳಲ್ಲೂ ಕುಗ್ಗುವಿಕೆ ಸ್ಪಷ್ಟವಾಗಿತ್ತು. ಮರುವರ್ಷ ಪ್ಯಾಟರ್ಸನ್ ತಂಡ ಹೊರಗಿನಿಂದ ಬಿಡಿಎನ್‌ಎಫ್ ಒದಗಿಸಿ ಈ ಕೊರತೆಯನ್ನು ನೀಗಿಸಿತು.

ಇಷ್ಟಕ್ಕೇ ನಿಂತರೆ ಬಿಡಿಎನ್‌ಎಫ್ ಹೆಚ್ಚಿದಷ್ಟೂ ಒಳಿತು ಎಂಬ ತೀರ್ಮಾನಕ್ಕೆ ಬರುತ್ತೇವೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಈ ಪ್ರೋಟೀನು ಮೊದಲು ತಯಾರಾಗುವುದು ದೊಡ್ಡದೊಂದು ಪೂರ್ವರೂಪದಲ್ಲಿ. ಪಕ್ವ ರೂಪವು ಟ್ರ್ಕ್‌-ಬಿ ಗ್ರಾಹಕಕ್ಕೆ ಅಂಟಿ ಸಂಧಿಯನ್ನು ಬಲಪಡಿಸಿದರೆ, ಪೂರ್ವರೂಪವು ಪಿ75 ಗ್ರಾಹಕದ ಮೂಲಕ ದೀರ್ಘಕಾಲಿಕ ದುರ್ಬಲೀಕರಣಕ್ಕೆ ಇಂಬು ಕೊಡುತ್ತದೆ. ಕೋಶದ ಹೊರಗೆ ಪೂರ್ವರೂಪವನ್ನು ಕತ್ತರಿಸಬಲ್ಲ ಪ್ಲಾಸ್ಮಿನ್ ಕಿಣ್ವ ಆ ಗಳಿಗೆಯಲ್ಲಿ ಸಕ್ರಿಯವಾಗಿದೆಯೇ ಎಂಬುದರ ಮೇಲೆ ಒಂದೇ ವಂಶವಾಹಿಯ ಉತ್ಪನ್ನ ಎರಡು ವಿರುದ್ಧ ದಿಕ್ಕುಗಳಲ್ಲಿ ಕೆಲಸ ಮಾಡಬಹುದು.

ಪ್ರಮಾಣವೇ ಎಲ್ಲವೂ ಅಲ್ಲ ಎಂಬುದಕ್ಕೆ ಮನುಷ್ಯರಲ್ಲಿ ಬಲವಾದ ಪುರಾವೆ 2003ರಲ್ಲಿ ಈಗನ್ ಮತ್ತು ಸಂಗಡಿಗರಿಂದ ಬಂತು. ಪೂರ್ವರೂಪದ 66ನೆಯ ಸ್ಥಾನದಲ್ಲಿ ವ್ಯಾಲೀನ್ ಬದಲು ಮೆಥಿಯೊನೀನ್ ಇರುವವರಲ್ಲಿ ಪ್ರಸಂಗ ಸ್ಮೃತಿ ದುರ್ಬಲವಾಗಿತ್ತು. ಪಕ್ವ ಪ್ರೋಟೀನಿನಲ್ಲಿ ಈ ಭಾಗ ಇರುವುದೇ ಇಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶಗಳಿಂದ ಸದಾ ಸ್ರವಿಸುವ ಪ್ರಮಾಣವೂ ಬದಲಾಗಿರಲಿಲ್ಲ. ಕುಂದಿದ್ದು ನರಕೋಶ ಉದ್ರೇಕಗೊಂಡಾಗ ಆಗುವ ಬಿಡುಗಡೆ ಮಾತ್ರ. ಅಂದರೆ ನಮ್ಯತೆಯ ಹಿಡಿತವಿರುವುದು ಒಟ್ಟು ಸಂಗ್ರಹಕ್ಕಿಂತ, ದುಡಿಯುತ್ತಿರುವ ಸಂಧಿಯಲ್ಲೇ ಅದು ಹೊರಬೀಳುವುದರಲ್ಲಿ. ತನ್ನಿಂದ ಹೊರಟ ಬಿಡಿಎನ್‌ಎಫ್‌ಗೆ ತಾನೇ ಓಗೊಟ್ಟು ಒಂದೊಂದು ಡೆಂಡ್ರೈಟ್ ಮುಳ್ಳು ಹಿಗ್ಗುವುದನ್ನು 2016ರ ಸೂಕ್ಷ್ಮದರ್ಶಕ ಅಧ್ಯಯನವೂ ದಾಖಲಿಸಿದೆ.

ಈ ಹಿನ್ನೆಲೆಯಲ್ಲಿ ರಕ್ತದ ಬಿಡಿಎನ್‌ಎಫ್ ಅಳತೆಗಳನ್ನು ಎಚ್ಚರದಿಂದ ಓದಬೇಕು. ಒಂದು ವರ್ಷ ಏರೋಬಿಕ್ ನಡಿಗೆ ಮಾಡಿದ ವೃದ್ಧರಲ್ಲಿ ಹಿಪೊಕ್ಯಾಂಪಸ್ ಸುಮಾರು 2% ಹಿಗ್ಗಿತೆಂಬ 2011ರ ವರದಿ ನಿಜಕ್ಕೂ ಭರವಸೆಯದು. ಆದರೆ ಆ ಹಿಗ್ಗುವಿಕೆಯೊಡನೆ ತಾಳೆಯಾದ ಬಿಡಿಎನ್‌ಎಫ್ ಏರಿಕೆಯನ್ನು ಅಳೆದದ್ದು ಸೀರಂನಲ್ಲಿ. ರಕ್ತದ ಬಿಡಿಎನ್‌ಎಫ್‌ನ ಬಹುಪಾಲು ಪ್ಲೇಟ್‌ಲೆಟ್‌ಗಳಲ್ಲಿ ಶೇಖರವಾಗಿರುತ್ತದೆ. ಸೀರಂ ತೆಗೆಯಲು ರಕ್ತ ಹೆಪ್ಪುಗಟ್ಟಿಸುವಾಗ ಅದು ಹೊರಬರುತ್ತದೆ. ಯಾವ ಸಂಧಿಯಲ್ಲಿ, ಯಾವ ಕ್ಷಣದಲ್ಲಿ ಬಿಡುಗಡೆಯಾಯಿತು ಎಂಬುದನ್ನು ಆ ಅಂಕಿ ಹೇಳಲಾರದು.