ಕಿಟಕಿಗೆ ಬಂದ ದೀಪ

1993ರ ಡಿಸೆಂಬರ್ 2ರ ರಾತ್ರಿ. ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ನಗರದ ಮನೆಯೊಂದರಲ್ಲಿ ಐದು ವರ್ಷದ ಬಾಲಕನ ಮಲಗುವ ಕೋಣೆಗೆ ಕಿಟಕಿಯ ಗಾಜು ಒಡೆದುಕೊಂಡು ಸಿಮೆಂಟ್ ಇಟ್ಟಿಗೆಯೊಂದು ಬಂದು ಬಿತ್ತು. ಅದೃಷ್ಟವಶಾತ್ ಬಾಲಕ ಆಗ ಕೋಣೆಯಲ್ಲಿರಲಿಲ್ಲ. ಅದು ಯಹೂದಿ ಕುಟುಂಬದ ಮನೆ ಎಂಬುದಕ್ಕೆ ಕಿಟಕಿಯಲ್ಲಿದ್ದ ಮೆನೋರಾ ದೀಪದ ಚಿತ್ರವೇ ಗುರುತಾಗಿತ್ತು.

ಮೆನೋರಾ ಎಂದರೇನು? ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಯಹೂದಿಗಳು ಜೆರುಸಲೆಂನ ತಮ್ಮ ದೇವಾಲಯವನ್ನು ಗ್ರೀಕ್ ಮೂಲದ ಅರಸನ ಸೇನೆಯಿಂದ ಮರಳಿ ಪಡೆದರು. ಒಂದೇ ದಿನಕ್ಕೆ ಸಾಲುವಷ್ಟಿದ್ದ ಎಣ್ಣೆಯಲ್ಲಿ ಅಲ್ಲಿನ ದೀಪ ಎಂಟು ದಿನ ಉರಿಯಿತು ಎಂಬುದು ನಂಬಿಕೆ. ಇದರ ನೆನಪಿಗೆ ಎಂಟು ರಾತ್ರಿಗಳ ಹನುಕ್ಕಾ ಹಬ್ಬ. ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ನ ಆಸುಪಾಸಿನಲ್ಲಿ ಬರುತ್ತದೆ. ಒಂಬತ್ತು ಕವಲುಗಳ ದೀಪವನ್ನು ಬೀದಿಗೆ ಕಾಣುವಂತೆ ಇಡಬೇಕೆಂಬುದು ಸಂಪ್ರದಾಯ. ನಮ್ಮಲ್ಲಿ ಕಾರ್ತೀಕದ ಹಣತೆಯನ್ನು ಹೊಸ್ತಿಲ ಹೊರಗೆ ಇಡುವುದಿಲ್ಲವೇ, ಹಾಗೆ.

ಸುಮಾರು 80 ಸಾವಿರ ಜನರಿದ್ದ ಆ ಊರಿನಲ್ಲಿ ಯಹೂದಿಗಳ ಸಂಖ್ಯೆ ತೀರಾ ಕಡಿಮೆ. ಇಟ್ಟಿಗೆ ಬೀಳುವ ಮೊದಲೇ ಜನಾಂಗ ದ್ವೇಷಿ ಗುಂಪುಗಳು ಅಲ್ಲಿ ತಲೆಯೆತ್ತಿದ್ದವು. ಯಹೂದಿಗಳ ಸಮಾಧಿ ಕಲ್ಲುಗಳನ್ನು ಉರುಳಿಸಲಾಗಿತ್ತು. ಮೂಲನಿವಾಸಿ ಮಹಿಳೆಯೊಬ್ಬರ ಮನೆಯ ಗೋಡೆಗೆ ದ್ವೇಷದ ಬರಹ ಬಳಿದಾಗ ಬಣ್ಣ ಬಳಿಯುವವರ ಸಂಘದ ಸದಸ್ಯರು ಕೂಲಿ ಪಡೆಯದೆ ಬಂದು ಅದನ್ನು ಅಳಿಸಿದ್ದರು. ಕಪ್ಪು ಜನರ ಚರ್ಚಿನೊಳಗೆ ಪುಂಡರು ಬಂದು ನಿಂತಾಗ ಬೇರೆ ಚರ್ಚುಗಳ ಭಕ್ತರು ಅಲ್ಲಿನ ಪ್ರಾರ್ಥನೆಯಲ್ಲಿ ಜೊತೆಗೆ ಕುಳಿತಿದ್ದರು.

ಇಟ್ಟಿಗೆ ಪ್ರಕರಣದ ನಂತರ, ಹಬ್ಬದ ಅಲಂಕಾರ ತೆಗೆದುಬಿಡುವುದು ಕ್ಷೇಮ ಎಂಬ ಸಲಹೆ ಆ ಕುಟುಂಬಕ್ಕೆ ಬಂತು. ಹಾಗೆ ಮಾಡಿದರೆ ಮಗನಿಗೆ ಏನೆಂದು ಹೇಳಲಿ ಎಂದು ತಾಯಿ ಪತ್ರಿಕೆಯ ಮುಂದೆ ಅಳಲು ತೋಡಿಕೊಂಡರು. ಆ ವರದಿ ಓದಿದ ಕ್ರೈಸ್ತ ಮಹಿಳೆಯೊಬ್ಬರು ತಮ್ಮ ಪಾದ್ರಿಗೆ ಫೋನ್ ಮಾಡಿದರು. ಚರ್ಚಿನಲ್ಲಿ ಮೆನೋರಾ ಚಿತ್ರದ ಪ್ರತಿಗಳು ತಯಾರಾದವು. ಮಕ್ಕಳು ಬಣ್ಣ ತುಂಬಿ ಮನೆಯ ಕಿಟಕಿಗೆ ಅಂಟಿಸಿದರು. ಡಿಸೆಂಬರ್ 11ರಂದು 'ಬಿಲ್ಲಿಂಗ್ಸ್ ಗೆಜೆಟ್' ಪತ್ರಿಕೆ ಇಡೀ ಪುಟದಲ್ಲಿ ಮೆನೋರಾ ಚಿತ್ರವನ್ನು ಮುದ್ರಿಸಿ, ಕಿಟಕಿಗೆ ಹಚ್ಚುವಂತೆ ಓದುಗರಿಗೆ ಕರೆ ನೀಡಿತು.

ದುಷ್ಕರ್ಮಿಗಳೂ ಸುಮ್ಮನಿರಲಿಲ್ಲ. ಮೆನೋರಾ ಹಚ್ಚಿದ ಕೆಲವು ಕ್ರೈಸ್ತರ ಮನೆ, ಕಾರುಗಳ ಗಾಜುಗಳೂ ಪುಡಿಯಾದವು. ಇಲ್ಲಿಗೆ ಎಲ್ಲವೂ ನಿಂತುಹೋಗಬಹುದಿತ್ತು. ಆದರೆ ಆದದ್ದೇ ಬೇರೆ. ಚಿತ್ರಗಳ ಸಂಖ್ಯೆ ಏರುತ್ತಾ ಹೋಗಿ ಸುಮಾರು ಹತ್ತು ಸಾವಿರ ಮನೆಗಳನ್ನು ತಲುಪಿತು ಎಂಬ ಅಂದಾಜಿದೆ. ಯಾವ ಮನೆ ಯಹೂದಿಗಳದು, ಯಾವುದು ಅಲ್ಲ ಎಂದು ಬೀದಿಯಲ್ಲಿ ನಿಂತವನಿಗೆ ತಿಳಿಯದಂತಾಯಿತು. ಕ್ರಮೇಣ ದಾಳಿಗಳು ತಗ್ಗಿದವು.

ಫೋನ್ ಮಾಡಿದ ಆ ಮಹಿಳೆಗೆ ಪ್ರೇರಣೆಯಾದದ್ದು ಡೆನ್ಮಾರ್ಕಿನ ಒಂದು ಕಥೆ. ನಾಜಿಗಳು ಯಹೂದಿಗಳಿಗೆ ಹಳದಿ ನಕ್ಷತ್ರ ಕಡ್ಡಾಯ ಮಾಡಿದಾಗ ದೊರೆ ಹತ್ತನೇ ಕ್ರಿಶ್ಚಿಯನ್ ತಾನೂ ಅದನ್ನು ಧರಿಸಿದ ಎಂಬುದು ಆ ಕಥೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಡೆನ್ಮಾರ್ಕಿನಲ್ಲಿ ಆ ನಕ್ಷತ್ರ ಜಾರಿಗೇ ಬರಲಿಲ್ಲ. ಆದರೆ 1943ರ ಅಕ್ಟೋಬರ್‌ನಲ್ಲಿ ಅಲ್ಲಿನ ಜನ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದ್ದು ನಿಜ. ಕಥೆ ಕಲ್ಪಿತವಾದರೂ ಅದರ ಹಿಂದಿನ ನೆರೆಹೊರೆಯ ಧರ್ಮ ಕಲ್ಪಿತವಲ್ಲ.

1995ರಲ್ಲಿ ಬಿಲ್ಲಿಂಗ್ಸ್‌ನ ಈ ಪ್ರಸಂಗ 'ನಾಟ್ ಇನ್ ಅವರ್ ಟೌನ್' ಎಂಬ ಸಾಕ್ಷ್ಯಚಿತ್ರವಾಗಿ ಅಮೆರಿಕದ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. 'ನಮ್ಮ ಊರಿನಲ್ಲಿ ಇದು ನಡೆಯದು' ಎಂದು ಅದರ ಅರ್ಥ. ಇತರ ಊರುಗಳೂ ಆ ಮಾತನ್ನು ಎತ್ತಿಕೊಂಡವು. ಅಲ್ಲಿ ಯಾರೂ ತಮ್ಮ ಧರ್ಮ ಬಿಡಲಿಲ್ಲ. ಕ್ರಿಸ್‌ಮಸ್ ಮರದ ಪಕ್ಕದಲ್ಲೇ ನೆರೆಯವರ ದೀಪಕ್ಕೂ ಜಾಗ ಕೊಟ್ಟರು, ಅಷ್ಟೇ. ತನ್ನ ಗಾಜು ಒಡೆಯಬಹುದೆಂದು ತಿಳಿದೂ ಕೊಟ್ಟ ಜಾಗ ಅದು ಎಂಬುದನ್ನು ಮರೆಯಬಾರದು.