ನಾಯಕನಿಗೆ ತಂತ್ರವಿತ್ತೇ? ಸಿಂಗಪುರದ 1961–65ರ ಇತಿಹಾಸದಿಂದ ಒಂದು ಪರೀಕ್ಷೆ

(ಸಂಘದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಪ್ರತಿ ವರ್ಷ ಆಗಸ್ಟ್ 9ರಂದು ನಾವು ಈ ನಾಡಿನ ರಾಷ್ಟ್ರೀಯ ದಿನದ ಸಂಭ್ರಮದಲ್ಲಿ ಪಾಲುಗೊಳ್ಳುತ್ತೇವೆ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಬರುವ ಇತಿಹಾಸದಲ್ಲಿ ಮೀನುಗಾರರ ಹಳ್ಳಿಯಿಂದ ಮಹಾನಗರದವರೆಗೆ ಒಂದೇ ನೇರವಾದ ಹೆದ್ದಾರಿಯಿರುತ್ತದೆ. ಲೀ ಕುವಾನ್ ಯೂ ಎಲ್ಲವನ್ನೂ ಮೊದಲೇ ಕಂಡಿದ್ದರು, ಕಂಡಂತೆಯೇ ನಡೆಸಿದರು ಎಂಬ ಭಾವನೆ ನಮ್ಮಲ್ಲಿ ಅನೇಕರದು. ಅವರದೆಲ್ಲ ಬರಿಯ ಅಧಿಕಾರದ ಆಟ, ಉಳಿದದ್ದು ಅದೃಷ್ಟ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳೂ ಪರೀಕ್ಷೆಗೆ ಒಳಪಡದೆ ಹುಟ್ಟಿದವು. ಒಬ್ಬ ರಾಷ್ಟ್ರನಾಯಕನಲ್ಲಿ ನಿಜವಾದ ರಾಜಕೀಯ ತಂತ್ರವಿತ್ತೇ ಎಂಬುದನ್ನು ತೀರ್ಮಾನಿಸುವ ಬಗೆ ಯಾವುದು ಎಂಬುದೇ ಇಂದಿನ ನಮ್ಮ ವಿಷಯ.

ನಾವು ವೈದ್ಯರು ಒಂದು ಪಾಠವನ್ನು ಮೊದಲೇ ಕಲಿಯುತ್ತೇವೆ. ರೋಗಿ ಗುಣಮುಖನಾದ ಮಾತ್ರಕ್ಕೆ ಚಿಕಿತ್ಸೆ ಸರಿಯಾಗಿತ್ತೆಂದು ಹೇಳಲಾಗದು; ರೋಗಿ ತೀರಿಕೊಂಡ ಮಾತ್ರಕ್ಕೆ ಅದು ತಪ್ಪಾಗಿತ್ತೆಂದೂ ಹೇಳಲಾಗದು. ಅಂದು ಬರೆದ ಕೇಸ್ ಶೀಟನ್ನು ನೋಡಬೇಕು. ರೋಗನಿದಾನ ಏನಿತ್ತು, ಯಾವ ಔಷಧವನ್ನು ಏಕೆ ಕೊಟ್ಟರು, ಅದು ಹಿಡಿಯದಿದ್ದರೆ ಏನು ಮಾಡಬೇಕೆಂದಿದ್ದರು ಎಂಬುದೆಲ್ಲ ಅಲ್ಲಿರುತ್ತದೆ. ಆಮೇಲೆ ನೆನಪಿನಿಂದ ಹೇಳುವ ಕಥೆಗೆ ಆ ಬೆಲೆಯಿಲ್ಲ.

ರಾಜಕಾರಣಕ್ಕೂ ಇಂತಹ ಅಳತೆಗೋಲು ನಮ್ಮ ಪರಂಪರೆಯಲ್ಲಿದೆ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಮಂತ್ರಾಲೋಚನೆಗೆ ಐದು ಅಂಗಗಳನ್ನು ಹೇಳುತ್ತದೆ. ಕೆಲಸವನ್ನು ಆರಂಭಿಸುವ ಉಪಾಯ, ಜನ ಮತ್ತು ದ್ರವ್ಯಗಳ ಸಂಪತ್ತು, ದೇಶಕಾಲಗಳ ವಿವೇಚನೆ, ಕೇಡು ಒದಗಿದರೆ ಅದಕ್ಕೆ ಪ್ರತೀಕಾರ, ಮತ್ತು ಕಾರ್ಯಸಿದ್ಧಿ. ಗುರಿಯೊಂದೇ ತಂತ್ರವಲ್ಲ, ವಾಕ್ಚಾತುರ್ಯವೂ ತಂತ್ರವಲ್ಲ. ಈ ಐದರಲ್ಲಿ ನಾಲ್ಕನೆಯದನ್ನು, ಅಂದರೆ ಕೆಟ್ಟರೆ ಏನು ಗತಿ ಎಂಬ ಮುನ್ನೆಚ್ಚರಿಕೆಯನ್ನು, ನಾವು ಅತಿ ಕಠಿಣವಾದ ಪರೀಕ್ಷೆಯೆಂದು ಭಾವಿಸುತ್ತೇವೆ.

ಈಗ ಪ್ರಸಂಗಕ್ಕೆ ಬರೋಣ. 1959ರ ಮೇ 30ರ ಚುನಾವಣೆಯಲ್ಲಿ ಪೀಪಲ್ಸ್ ಆಕ್ಷನ್ ಪಾರ್ಟಿ 51 ಸ್ಥಾನಗಳಲ್ಲಿ 43ನ್ನು ಗೆದ್ದಿತು. ಲೀಯವರ ರೋಗನಿದಾನ ಸ್ಪಷ್ಟವಾಗಿತ್ತು: ಈ ದ್ವೀಪಕ್ಕೆ ಸಾಕಷ್ಟು ನೀರಿಲ್ಲ, ಹಿನ್ನಾಡಿಲ್ಲ, ಬೆಳೆಯುತ್ತಿರುವ ಜನಸಂಖ್ಯೆಗೆ ಕೆಲಸವಿಲ್ಲ, ಮಲಯದೊಡನೆ ಕೂಡಿದರೆ ಮಾತ್ರ ಸ್ವಾತಂತ್ರ್ಯ, ಕೂಡಿದರೆ ಮಾತ್ರ ಮಾರುಕಟ್ಟೆ. 1961ರ ಮೇ 27ರಂದು ಅಡೆಲ್ಫಿ ಹೋಟೆಲಿನ ಭಾಷಣದಲ್ಲಿ ಮಲಯದ ಪ್ರಧಾನಿ ಟುಂಕು ಅಬ್ದುಲ್ ರಹಮಾನ್ ನಿಕಟ ಸಂಬಂಧದ ಮಾತನ್ನೆತ್ತಿದಾಗ ದಾರಿ ತೆರೆಯಿತು. ಆದರೆ ಪಕ್ಷ ಒಡೆಯಿತು. ಜುಲೈನಲ್ಲಿ ನಡೆದ ವಿಶ್ವಾಸಮತದಲ್ಲಿ ಸರ್ಕಾರಕ್ಕೆ ದೊರೆತದ್ದು 27 ಮತಗಳು ಮಾತ್ರ; ಪಕ್ಷದ 13 ಮಂದಿ ತಟಸ್ಥರಾಗಿ ಉಳಿದರು, ಬಳಿಕ ಬಾರಿಸಾನ್ ಸೋಷಿಯಾಲಿಸ್ ಪಕ್ಷ ಹುಟ್ಟಿತು.

ಮುಂದಿನ ಎರಡು ವರ್ಷಗಳಲ್ಲಿ ನಡೆದದ್ದನ್ನು ತಂತ್ರವೆನ್ನದೆ ಬೇರೆ ಹೆಸರಿನಿಂದ ಕರೆಯಲಾಗದು. ಲೀಯವರು 1961ರ ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ಇಂಗ್ಲಿಷ್, ಮಲಯ್, ಮ್ಯಾಂಡರಿನ್ ಮೂರು ಭಾಷೆಗಳಲ್ಲೂ ಹನ್ನೆರಡು ರೇಡಿಯೋ ಭಾಷಣಗಳನ್ನು ಮಾಡಿದರು. ಶಿಕ್ಷಣ ಮತ್ತು ಕಾರ್ಮಿಕ ವಿಷಯಗಳಲ್ಲಿ ಸ್ವಾಯತ್ತತೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಒಕ್ಕೂಟದ ಸಂಸತ್ತಿನ 159 ಸ್ಥಾನಗಳಲ್ಲಿ ಬರಿಯ 15ಕ್ಕೆ ಒಪ್ಪಿದರು. ಏನನ್ನು ಪಡೆಯಲು ಏನನ್ನು ಬಿಟ್ಟುಕೊಡುತ್ತೇವೆಂಬ ಲೆಕ್ಕ ಅಲ್ಲಿತ್ತು. 1962ರ ಸೆಪ್ಟೆಂಬರ್ 1ರ ಜನಮತಗಣನೆಯ ಮತಪತ್ರದಲ್ಲಿದ್ದ ಮೂರು ಆಯ್ಕೆಗಳೂ ವಿಲೀನದವೇ. ವಿಲೀನ ಬೇಡವೆನ್ನಲು ಅಲ್ಲಿ ಸ್ಥಳವೇ ಇರಲಿಲ್ಲ. ಸರ್ಕಾರದ ಆಯ್ಕೆಗೆ ಶೇಕಡ 71 ಮತಗಳು ಬಂದವು. ಶೇಕಡ 25ರಷ್ಟು ಜನ ಖಾಲಿ ಚೀಟಿಯನ್ನೇ ಹಾಕಿದರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. 1963ರ ಫೆಬ್ರವರಿ 2ರಂದು ಆಪರೇಷನ್ ಕೋಲ್ಡ್‌ಸ್ಟೋರ್ ಎಂಬ ಕಾರ್ಯಾಚರಣೆಯಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಒಂದು ಕಾಲಕ್ಕೆ ಲೀಯವರ ಜೊತೆಗಾರರೇ ಆಗಿದ್ದ ಲಿಮ್ ಚಿನ್ ಸಿಯಾಂಗ್ 1969ರವರೆಗೆ ಸೆರೆಯಲ್ಲಿದ್ದರು. ಬಂಧಿತರು ನಿಜಕ್ಕೂ ಕಮ್ಯುನಿಸ್ಟ್ ಸಂಚಿನವರಾಗಿದ್ದರೇ ಎಂಬುದರ ಬಗೆಗೆ ಇತಿಹಾಸಕಾರರ ವಾಗ್ವಾದ ಇನ್ನೂ ಮುಗಿದಿಲ್ಲ. ತಂತ್ರವಿತ್ತೆಂದು ಒಪ್ಪುವುದು ಬೇರೆ, ಅದು ನ್ಯಾಯವಾಗಿತ್ತೆಂದು ಹೇಳುವುದು ಬೇರೆ. ಮೊದಲನೆಯದಕ್ಕೆ ಹೌದೆಂದೊಡನೆ ಎರಡನೆಯದೂ ಇತ್ಯರ್ಥವಾಯಿತೆಂದು ತಿಳಿಯುವುದು ನಮ್ಮಂತಹ ಸುಶಿಕ್ಷಿತರು ಸುಲಭವಾಗಿ ಬೀಳುವ ಹಳ್ಳ.

1963ರ ಸೆಪ್ಟೆಂಬರ್ 16ರಂದು ಮಲೇಷ್ಯಾ ಉದಯವಾಯಿತು. ಐದೇ ದಿನಗಳ ಬಳಿಕ ನಡೆದ ಚುನಾವಣೆಯಲ್ಲಿ ಲೀಯವರ ಪಕ್ಷ 37 ಸ್ಥಾನಗಳನ್ನು ಗಳಿಸಿತು. ಇಲ್ಲಿಗೆ ಕಾರ್ಯಸಿದ್ಧಿಯಾದಂತೆ ತೋರುತ್ತದೆ. ಆದರೆ 1964ರ ಏಪ್ರಿಲ್‌ನಲ್ಲಿ ಪಕ್ಷವು ಪರ್ಯಾಯ ದ್ವೀಪದ ಚುನಾವಣೆಗೂ ಇಳಿದು ಒಂದೇ ಒಂದು ಸ್ಥಾನವನ್ನು ಗೆದ್ದಿತು. ಲಾಭ ಅಷ್ಟು, ನಷ್ಟವೋ ಅಪಾರ. ಕ್ವಾಲಾಲಂಪುರದ ನಾಯಕರಿಗೆ ಅದು ತಮ್ಮ ಮನೆಯಂಗಳಕ್ಕೆ ನುಗ್ಗಿದಂತೆ ಕಂಡಿತು. ಅದೇ ಜುಲೈ 21ರಂದು ಆರಂಭವಾದ ಜನಾಂಗೀಯ ಗಲಭೆಯಲ್ಲಿ 23 ಮಂದಿ, ಸೆಪ್ಟೆಂಬರ್‌ನ ಗಲಭೆಯಲ್ಲಿ 13 ಮಂದಿ ಸತ್ತರು. ಗಲಭೆಗೆ ಆ ಚುನಾವಣೆಯೊಂದೇ ಕಾರಣವಲ್ಲ. ಆದರೂ ಎದುರಾಳಿಯ ಮನಸ್ಸನ್ನು ಓದುವುದರಲ್ಲಿ, ದೇಶಕಾಲದ ವಿವೇಚನೆಯಲ್ಲಿ ಲೀಯವರು ಎಡವಿದರೆಂದೇ ನಮ್ಮ ತೀರ್ಮಾನ. ವಿಲೀನದ ಮೂಲ ಉದ್ದೇಶಗಳಲ್ಲೊಂದಾದ ಸಾಮಾನ್ಯ ಮಾರುಕಟ್ಟೆಯೂ ಕಾಗದದ ಮೇಲೆಯೇ ಉಳಿಯಿತು.

1965ರ ಬೇರ್ಪಡುವಿಕೆಯ ಕಥೆ ವೈದ್ಯರಿಗೆ ವಿಶೇಷ ಕುತೂಹಲದ್ದು. ಆ ಬೇಸಿಗೆಯಲ್ಲಿ ಲಂಡನ್ನಿಗೆ ಹೋಗಿದ್ದ ಟುಂಕು ಅಲ್ಲಿ ಸರ್ಪಸುತ್ತಿನಿಂದ ಆಸ್ಪತ್ರೆ ಸೇರಿದರು. ಆ ನೋವಿನ ಹಾಸಿಗೆಯಲ್ಲೇ ಸಿಂಗಪುರವನ್ನು ಬಿಟ್ಟುಬಿಡುವ ಯೋಚನೆ ಗಟ್ಟಿಯಾಯಿತು. ಸಿಂಗಪುರವನ್ನು ಹೊರದೂಡಲಾಯಿತೆಂಬುದೇ ಬಹುಕಾಲ ಪ್ರಚಲಿತವಾಗಿದ್ದ ಮಾತು. ಅದು ಪೂರ್ಣ ಸತ್ಯವಲ್ಲ. ಹಣಕಾಸು ಸಚಿವ ಗೋ ಕೆಂಗ್ ಸ್ವೀ ‘ಆಲ್ಬಟ್ರಾಸ್’ ಎಂದು ಹೆಸರಿಟ್ಟು ಕಾಪಾಡಿದ್ದ ಕಡತದ ದಾಖಲೆಗಳು 2025ರ ಡಿಸೆಂಬರ್‌ನಲ್ಲಿ ಗ್ರಂಥರೂಪವಾಗಿ ಪ್ರಕಟವಾದವು. ಜುಲೈ ತಿಂಗಳಿನಲ್ಲಿ ಗೋ ಮತ್ತು ಟುನ್ ಅಬ್ದುಲ್ ರಜಾಕ್ ಗುಟ್ಟಾಗಿ ಮಾತುಕತೆ ನಡೆಸಿದ್ದರು. ಲೀಯವರ ಮನಸ್ಸು ಸಡಿಲವಾದ ಒಕ್ಕೂಟದ ಕಡೆಗೂ ವಾಲುತ್ತಿತ್ತು. ಗೋ ಅವರಾದರೋ ಸಂಪೂರ್ಣ ಬೇರ್ಪಡುವಿಕೆಯನ್ನೇ ಹಿಡಿದರು. ಆಗಸ್ಟ್ 9ರಂದು ದೂರದರ್ಶನದಲ್ಲಿ ಕಣ್ಣೀರಿಟ್ಟ ಲೀ ನಟಿಸುತ್ತಿರಲಿಲ್ಲ; ಆದರೆ ಅವರ ಕಡೆಯವರೇ ಆ ಬಾಗಿಲನ್ನು ತೆರೆಯಲು ನೆರವಾಗಿದ್ದರು.

ಹಾಗಾದರೆ ಕೇಡಿಗೆ ಪ್ರತೀಕಾರವೆಂಬ ನಾಲ್ಕನೆಯ ಅಂಗವಿತ್ತೇ? ಆ ಬೆಳಿಗ್ಗೆ ಸುಮಾರು 19 ಲಕ್ಷ ಜನರ ಕೈಯಲ್ಲಿ ಏನಿತ್ತೆಂಬುದೇ ಇದಕ್ಕೆ ಉತ್ತರ. ಜೊಹೊರ್‌ನೊಡನೆ 1961 ಮತ್ತು 1962ರಲ್ಲಿ ಮಾಡಿಕೊಂಡಿದ್ದ ನೀರಿನ ಒಪ್ಪಂದಗಳಿಗೆ ಬೇರ್ಪಡುವಿಕೆಯ ಒಪ್ಪಂದದಲ್ಲೇ ಖಾತರಿಯನ್ನು ಬರೆಸಿಕೊಂಡಿದ್ದರು. ಅವುಗಳಲ್ಲಿ ಎರಡನೆಯದು 2061ರವರೆಗೆ ಊರ್ಜಿತವಾಗಿದೆ. 1960ರಲ್ಲಿ ವಿಶ್ವಸಂಸ್ಥೆಯ ತಂಡದೊಡನೆ ಬಂದ ಡಚ್ ತಜ್ಞ ಆಲ್ಬರ್ಟ್ ವಿನ್ಸೆಮಿಯಸ್ ಅವರ ಸಲಹೆ, 1961ರ ಆರ್ಥಿಕ ಅಭಿವೃದ್ಧಿ ಮಂಡಳಿ, ಜುರಾಂಗ್‌ನ ಕೈಗಾರಿಕಾ ಪ್ರದೇಶ, 1960ರ ವಸತಿ ಮಂಡಳಿ, ಇವೆಲ್ಲ ಸಿದ್ಧವಾಗಿದ್ದವು. ಮಲಯದ ಮಾರುಕಟ್ಟೆಯನ್ನು ನಂಬಿ ಕಟ್ಟಿದ ಕಾರ್ಖಾನೆಗಳ ನೆಲವನ್ನು ಲೋಕದ ಮಾರುಕಟ್ಟೆಗೆ ತಿರುಗಿಸಲು ಸಾಧ್ಯವಾದದ್ದು ಇದರಿಂದಲೇ. ರಾಷ್ಟ್ರೀಯ ಆದಾಯದ ಸುಮಾರು ಐದನೆಯ ಒಂದು ಪಾಲಿಗೆ ಆಧಾರವಾಗಿದ್ದ ಸೇನಾನೆಲೆಗಳನ್ನು ತೆರವು ಮಾಡುವುದಾಗಿ ಬ್ರಿಟಿಷರು 1968ರಲ್ಲಿ ಸಾರಿದಾಗಲೂ ದೇಶ ಕುಸಿಯಲಿಲ್ಲ.

ಹೋಲಿಕೆಗೆ ನಮ್ಮ ನಾಡಿನದೇ ಉದಾಹರಣೆಯಿದೆ. ದೇವರಾಜ ಅರಸರ 1972ರ ಹಾವನೂರು ಆಯೋಗ, 1974ರ ಭೂಸುಧಾರಣೆ, ಹಿಂದುಳಿದವರನ್ನು ಒಗ್ಗೂಡಿಸಿದ ಬಗೆ, ಇವು ಉತ್ತಮ ತಂತ್ರಗಳೇ. ಅವುಗಳ ಫಲವನ್ನು ಕರ್ನಾಟಕ ಇಂದಿಗೂ ಉಣ್ಣುತ್ತಿದೆ. ಆದರೆ 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದಾಗ ಬೀಳುವ ಪೆಟ್ಟನ್ನು ತಡೆಯುವ ಸಿದ್ಧತೆ ಅವರಲ್ಲಿರಲಿಲ್ಲ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಅರಸರು ಅಧಿಕಾರ ಬಿಟ್ಟರು.

ಆದುದರಿಂದ ನಮ್ಮ ನಿರ್ಣಯ ಹೀಗಿದೆ: 1961ರಲ್ಲಿ ಲೀಯವರಿಗೆ ತಂತ್ರವಿತ್ತು, 1964ರಲ್ಲಿ ಆತುರ ಅದನ್ನು ಕೆಡಿಸಿತು, 1965ರಲ್ಲಿ ನಾಡನ್ನು ಉಳಿಸಿದ್ದು ಒಬ್ಬರ ದಿವ್ಯದೃಷ್ಟಿಯಲ್ಲ, ಗೋ ಅವರಂತಹ ಅಮಾತ್ಯರೂ ಮೊದಲೇ ಕಟ್ಟಿಟ್ಟ ಸಂಸ್ಥೆಗಳೂ. ಸ್ವಾಮಿಯ ನಂತರ ಅಮಾತ್ಯನನ್ನು ಎಣಿಸಿದ ಕೌಟಿಲ್ಯನಿಗೆ ಇದು ಆಶ್ಚರ್ಯವನ್ನು ಉಂಟುಮಾಡುತ್ತಿರಲಿಲ್ಲ.

ನಾವು ಎರಡು ನಾಡುಗಳ ರಾಜಕಾರಣವನ್ನು ನೋಡುತ್ತ ಬದುಕುವವರು. ಅಲ್ಲಿಯ ನಾಯಕರನ್ನು ಹಳಿಯುವುದೂ ಇಲ್ಲಿಯವರನ್ನು ಹೊಗಳುವುದೂ ನಮಗೆ ಸುಲಭವಾಗಿ ಬಿಟ್ಟಿದೆ. ಮುಂದೆ ಯಾವ ನಾಯಕರ ಮಾತು ಬಂದರೂ ಮೂರು ಪ್ರಶ್ನೆಗಳನ್ನು ನಮ್ಮ ಮಕ್ಕಳ ಮುಂದಿಡೋಣ: ಅವರು ಏನನ್ನು ಮೊದಲೇ ಹೇಳಿದ್ದರು? ಏನನ್ನು ಬಿಟ್ಟುಕೊಡಲು ಸಿದ್ಧರಿದ್ದರು, ಅದರ ಬೆಲೆಯನ್ನು ತೆತ್ತವರು ಯಾರು? ಯೋಜನೆ ಮುರಿದ ದಿನ ಅವರ ಕೈಯಲ್ಲಿ ಏನು ಉಳಿದಿತ್ತು?